ಬ್ಯಾಂಡ್ ಒಡೆದ ಮೇಲೆ ಡ್ರಮ್ಮರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಲಬುರಗಿಯ 34 ವರ್ಷದ ಡ್ರಮ್ಮರ್. ಬೆಂಗಳೂರಿನ ಪ್ರಯೋಗಶೀಲ ಬ್ಯಾಂಡೊಂದರಲ್ಲಿದ್ದವರು. ಸಿಂಬಲ್ (ಕಂಚಿನ ತಟ್ಟೆ) ಅಂಚಿಗೆ ಪಿಟೀಲಿನ ಕಮಾನು ಎಳೆದು, ಸ್ನೇರ್ (ಚಿಕ್ಕ ಚಪ್ಪಟೆ ಡ್ರಮ್) ಮೇಲೆ ಸರಪಳಿ ಹರವಿ ನುಡಿಸುತ್ತಿದ್ದರು. ಬ್ಯಾಂಡ್ ಒಡೆದು ಊರಿಗೆ ಮರಳಿದ್ದಾರೆ. "ಡ್ರಮ್ ಕಿಟ್ ಮಾರಿ ಅಣ್ಣನ ಅಂಗಡ್ಯಾಗ ಕೂಡ್ತೀನ್ರಿ ಮೇಡಂ" ಎಂದೇ ಮಾತು ಶುರುಮಾಡಿದರು.

ನಿದ್ರೆ, ಕುಡಿತ, ಸಾಯುವ ಯೋಚನೆ ಮೂರನ್ನೂ ನೇರವಾಗಿ ಕೇಳಲಾಯಿತು. ನಿದ್ರೆ ಮಾತ್ರ ಕೆಟ್ಟಿತ್ತು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಡಲಾಯಿತು. ಕಿವಿಯಲ್ಲಿ ಸದಾ ಗುಂಯ್ ಎನ್ನುತ್ತದೆ ಎಂದರು. ಇದನ್ನು ಮನಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು. ಗದ್ದಲದಿಂದಾಗುವ ಶ್ರವಣದೋಷ ಸಾಮಾನ್ಯವಾಗಿ 4,000 ಹರ್ಟ್ಸ್ ಸುತ್ತಲಿನ ಎತ್ತರದ ಸ್ಥಾಯಿಯ ನಾದದಲ್ಲಿ ಶುರುವಾಗುತ್ತದೆ. ಮಾತು ಸರಿಯಾಗಿ ಕೇಳುವುದರಿಂದ ಆರಂಭದಲ್ಲಿ ಗೊತ್ತಾಗದು. ಆಡಿಯೋಗ್ರಾಂ (ಶ್ರವಣ ಪರೀಕ್ಷೆ) ಮಾಡಿಸಿ, ಇಯರ್‌ಪ್ಲಗ್ ಇಲ್ಲದೆ ಕೋಲು ಹಿಡಿಯಬೇಡಿ ಎಂದೆವು.

ಕಿಟ್ ಮಾರುವ ತೀರ್ಮಾನವನ್ನು ಮೂರು ತಿಂಗಳು ಮುಂದೂಡಲು ಹೇಳಿದೆವು. "ಒಬ್ಬನೇ ಕೂತರ ಕೈ ಓಡಂಗಿಲ್ರಿ" ಎಂಬುದು ಅವರ ನಿಜವಾದ ಭಯ. ಆದರೆ ಕೈ ಕೆಟ್ಟಿರಲಿಲ್ಲ. ಆ ಬಗೆಯ ಸಂಗೀತದಲ್ಲಿ ಡ್ರಮ್ಮರ್ ಪಕ್ಕದವರ ನಾದಕ್ಕೆ ಉತ್ತರ ಕೊಡುತ್ತಾ ನುಡಿಸುತ್ತಾನೆ. ಈಗ ಪ್ರಶ್ನೆ ಕೇಳುವವರೇ ಇಲ್ಲ. ಹಳೆಯ ರಚನೆಗಳನ್ನೇ ನುಡಿಸಿದರೆ ಗಿಟಾರ್ ಬರಬೇಕಾದ ಜಾಗ ಖಾಲಿ ಕೇಳಿಸಿ, ಎದೆ ಕುಸಿಯುತ್ತದೆ. ಹಾಗಾಗಿ ಹಳೆಯದನ್ನು ಸದ್ಯ ಮುಟ್ಟಬೇಡಿ. ಸ್ನೇರ್, ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್), ಒಂದೇ ಸಿಂಬಲ್ ಇಟ್ಟುಕೊಂಡು ಏಳು ನಿಮಿಷದ ತುಣುಕು ಕಟ್ಟಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಮರುದಿನ ಕೇಳಿ ಎಂದೆವು. ಅದೇ ದಿನ ಕೇಳಿದರೆ ತಪ್ಪುಗಳಷ್ಟೇ ಕಿವಿಗೆ ಬೀಳುತ್ತವೆ. ಓಣಿಯವರ ತಕರಾರಿಗೆ ಮೆಶ್ ಹೆಡ್ (ಸದ್ದು ತಗ್ಗಿಸುವ ಜಾಲರಿ ಹೊದಿಕೆ) ಸಾಕು, ಆದರೆ ಕಾಲಿನಿಂದ ಬಡಿಯುವ ಕಿಕ್ ಪೆಡಲಿನ ಬಡಿತ ನೆಲದ ಮೂಲಕ ಹೋಗುತ್ತದೆ. ಕೆಳಗೆ ದಪ್ಪ ರಬ್ಬರ್ ಚಾಪೆ ಬೇಕು.

ಮದುವೆ ಆರ್ಕೆಸ್ಟ್ರಾದವರು ಕರೆದರೂ ಹೋಗಿರಲಿಲ್ಲ. ಅದರಿಂದ ಕಲೆ ಕೆಡುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ದಿನಾ ರಾತ್ರಿ ಹೋದರೆ ಮಾತ್ರ ಸ್ವಂತದ್ದಕ್ಕೆ ಕಸುವು ಉಳಿಯದು. ವಾರಕ್ಕೆ ಎರಡು ಸಾಕು. ಆಷಾಢದಲ್ಲಿ ಮದುವೆ ಇರದ ಕಾರಣ ಆ ತಿಂಗಳ ಖರ್ಚನ್ನು ಮೊದಲೇ ತೆಗೆದಿಡಬೇಕು. ಮಕ್ಕಳಿಗೆ ಟ್ರಿನಿಟಿ ಕಾಲೇಜ್ ಲಂಡನ್ ನಡೆಸುವ ಸಂಗೀತ ಗ್ರೇಡ್ ಪರೀಕ್ಷೆಗೆ ಕಲಿಸಬಹುದು. ಆರಂಭಕ್ಕೆ ಪ್ರಾಕ್ಟೀಸ್ ಪ್ಯಾಡ್ (ಅಭ್ಯಾಸಕ್ಕೆ ಬಡಿಯುವ ರಬ್ಬರ್ ಹಲಗೆ), 5ಎ ಅಳತೆಯ ಕೋಲು ಇದ್ದರಾಯಿತು.

ಇನ್ನು ಹಕ್ಕಿನ ಮಾತು. 1994ರ ತಿದ್ದುಪಡಿಯ ಬಳಿಕ ಹಕ್ಕುಸ್ವಾಮ್ಯ ಕಾಯ್ದೆಯಡಿ ಸಂಗೀತ ಕೃತಿಗೆ ಸ್ವರಲಿಪಿ ಕಡ್ಡಾಯವಲ್ಲ. ಹಾಗಾಗಿ ಬರೆದಿಡದೆ ಕೂಡಿ ಕಟ್ಟಿದ ರಚನೆಯಲ್ಲಿ ಡ್ರಮ್ಮರ್ ಕೂಡ ಪಾಲು ಕೇಳಬಹುದು. ಯಾವ ರಚನೆಯಲ್ಲಿ ಯಾರಿಗೆ ಎಷ್ಟು ಪಾಲು, ಧ್ವನಿಮುದ್ರಣ ಯಾರದು, ಬ್ಯಾಂಡಿನ ಹೆಸರು ಯಾರು ಬಳಸಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಬೇಕು. ಸಿಟ್ಟಿನಲ್ಲಿ ರಾತ್ರಿ ಸಂದೇಶ ಕಳಿಸಿದರೆ ಈ ಸಹಿಗಳು ಸಿಗುವುದಿಲ್ಲ; ಹಗಲಲ್ಲಿ, ಒಬ್ಬೊಬ್ಬರಿಗೇ ಫೋನ್ ಮಾಡಿ ಎಂದು ಹೇಳಿದೆವು.

ಮುಂದಿನ ಭೇಟಿಗೆ ಆಡಿಯೋಗ್ರಾಂ ವರದಿಯ ಜೊತೆ ಅಣ್ಣನನ್ನೂ ಕರೆತರಲು ಒಪ್ಪಿದ್ದಾರೆ.