ನೋವು ನಿಂತಿದೆ, ಹಲ್ಲು ಸರಿಯಾಯ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ಮೇಲಿನ ದವಡೆ ಹಲ್ಲು ಹುಳುಕಾಗಿದೆ. ಹೋದ ತಿಂಗಳು ರಾತ್ರಿ ಮಲಗಿದರೆ ಸಾಕು, ತಲೆಯವರೆಗೂ ಸಿಡಿಯುತ್ತಿತ್ತು. ಲವಂಗದ ಎಣ್ಣೆ ಹಚ್ಚಿದೆ, ಮೆಡಿಕಲ್‌ನಲ್ಲಿ ಕೊಟ್ಟ ಮಾತ್ರೆ ನುಂಗಿದೆ. ಈಗ ನೋವು ತಾನಾಗಿಯೇ ನಿಂತಿದೆ. ಆದರೂ ರೂಟ್ ಕೆನಾಲ್ ಮಾಡಿಸಲೇಬೇಕು ಅಂತಾರೆ ದಂತವೈದ್ಯರು. ನೋವೇ ಇಲ್ಲದ ಮೇಲೆ ಯಾಕೆ? ಕೀಳಿಸೋಣ ಅಂದರೆ, ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅಂತ ನಮ್ಮತ್ತೆ ಬಿಡ್ತಿಲ್ಲ.
– ಓದುಗರೊಬ್ಬರು, ಹಾಸನ

ಉತ್ತರ: ನೋವು ನಿಂತಿದೆ ಅಂದಿರಲ್ಲ, ನನಗೆ ಚಿಂತೆ ಆಗಿದ್ದೇ ಅದಕ್ಕೆ. ಹಲ್ಲು ವಾಸಿಯಾಗಿಲ್ಲ. ಬಹುಶಃ ಒಳಗಿನ ನರ ಸತ್ತಿದೆ.

ಹಲ್ಲಿನ ಹೊರಪದರ ಎನಾಮೆಲ್‌ಗೆ ನರ ಇಲ್ಲ, ಅದಕ್ಕೇ ಹುಳುಕು ಶುರುವಾದಾಗ ಏನೂ ಗೊತ್ತಾಗಲ್ಲ. ಕೆಳಗಿನ ಪದರಕ್ಕೆ ಇಳಿದಾಗ ತಣ್ಣೀರು, ಸಿಹಿ ತಗುಲಿದರೆ ಜುಮ್ ಅನ್ನುತ್ತದೆ. ಆ ಹಂತದಲ್ಲಿ ಫಿಲ್ಲಿಂಗ್ ಸಾಕು. ಇನ್ನೂ ಒಳಗೆ ನರ, ರಕ್ತನಾಳ ಇರುವ ಪಲ್ಪ್ ಅನ್ನೋ ಮೆತ್ತನೆಯ ಭಾಗವಿದೆ, ಅಲ್ಲಿಗೆ ಸೋಂಕು ತಲುಪಿದರೆ ಅದು ಊದಿಕೊಳ್ಳುತ್ತದೆ, ಆದರೆ ಸುತ್ತಲೂ ಗಟ್ಟಿ ಗೋಡೆ, ಊದೋಕೆ ಜಾಗವೇ ಇಲ್ಲ, ಒತ್ತಡವೆಲ್ಲ ನರದ ಮೇಲೇ ಬೀಳುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಜಾಸ್ತಿಯಾಗುವುದರಿಂದ ರಾತ್ರಿ ಹೊತ್ತು ಅಷ್ಟೊಂದು ಸಿಡಿತ.

ನರ ಸತ್ತರೆ ನೋವು ನಿಲ್ಲುತ್ತದೆ, ಬ್ಯಾಕ್ಟೀರಿಯಾ ನಿಲ್ಲುವುದಿಲ್ಲ. ಬೇರಿನ ತುದಿಗೆ ಇಳಿದು ಮೂಳೆಯಲ್ಲಿ ಕೀವು ಮಾಡುತ್ತವೆ. ಕನ್ನಡಿ ಮುಂದೆ ತುಟಿ ಎತ್ತಿ ನೋಡಿ, ಆ ಹಲ್ಲಿನ ಮೇಲೆ ಒಸಡಿನಲ್ಲಿ ಸಣ್ಣ ಗುಳ್ಳೆ ಕಂಡರೆ ಕೀವು ದಾರಿ ಮಾಡಿಕೊಂಡಿದೆ ಅಂತ ಅರ್ಥ. ಗುಳ್ಳೆ ಇಲ್ಲ ಅಂತ ಸುಮ್ನಿರಬೇಡಿ, ಎಕ್ಸ್‌ರೇ ಬೇಕೇ ಬೇಕು. ಆಂಟಿಬಯೋಟಿಕ್ ನುಂಗಿದರೂ ಸತ್ತ ಪಲ್ಪ್‌ಗೆ ರಕ್ತವೇ ಹರಿಯಲ್ಲ, ಔಷಧಿ ಅಲ್ಲಿಗೆ ಮುಟ್ಟೋದು ಹೇಗೆ?

ರೂಟ್ ಕೆನಾಲ್ ಅಂದರೆ ಹೆದರಬೇಡಿ. ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು, ಕೂದಲಿನಷ್ಟು ಸಣ್ಣ ತುದಿಯ ಫೈಲ್‌ಗಳಿಂದ ಬೇರಿನ ಒಳಗಿನ ಕಾಲುವೆಗಳನ್ನು ಕೆರೆದು ತೊಳೆದು, ಗಟ್ಟಾಪರ್ಚಾ ಅನ್ನೋ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ. ಮೇಲಿನ ದವಡೆ ಹಲ್ಲಲ್ಲಿ ಸಾಮಾನ್ಯವಾಗಿ 3 ಅಥವಾ 4 ಕಾಲುವೆ, ಅದಕ್ಕೇ ಸಮಯ ಹಿಡಿಯುತ್ತದೆ. ಆಮೇಲೆ ಕ್ಯಾಪ್ ಹಾಕಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅಗಿಯುವ ಭಾರಕ್ಕೆ ಹಲ್ಲು ಸೀಳಬಹುದು.

ಅತ್ತೆಯವರಿಗೆ ಹೇಳಿ, ಕಣ್ಣಿನ ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಕಿತ್ತರೆ ದೃಷ್ಟಿ ಹೋಗಲ್ಲ. ಹಾಗೇ ಬಿಟ್ಟರೆ ಕೀವು ಏರಿ ಕೆನ್ನೆ, ಕಣ್ಣಿನ ಕೆಳಗೆಲ್ಲ ಊದಬಹುದು, ಹೆದರಬೇಕಾದ್ದು ಅದಕ್ಕೆ. ಆದರೂ ಉಳಿಯುವ ಹಲ್ಲನ್ನು ಕೀಳಿಸಬೇಡಿ ಅನ್ನೋದೇ ನನ್ನ ಮಾತು.

ಲವಂಗದ ಎಣ್ಣೆಯಲ್ಲಿರುವ ಯುಜಿನಾಲ್ ಸ್ವಲ್ಪ ಹೊತ್ತು ಜೋಮು ಹಿಡಿಸುತ್ತದೆ, ಅಷ್ಟೇ. ಜಾಸ್ತಿ ಹಚ್ಚಿದರೆ ಒಸಡು ಸುಡುತ್ತದೆ. ಮಾತ್ರೆ ಪುಡಿ ಮಾಡಿ ಹಲ್ಲಿಗೆ ಒತ್ತುವುದು, ಕಡ್ಡಿಪುಡಿ ಇಡುವುದು ಬೇಡವೇ ಬೇಡ.

ಮುಖ ಊದಿ ಜ್ವರ ಬಂದರೆ, ಬಾಯಿ ತೆಗೆಯೋಕೆ, ನುಂಗೋಕೆ, ಉಸಿರಾಡೋಕೆ ಕಷ್ಟವಾದರೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.