ಮೊದಲು ಇಸಿಯು ನಂಬರ್ ಹೇಳಿ, ಆಮೇಲೆ ಟೂಲ್ ಕೇಳಿ

ಪ್ರಶ್ನೆ: 1972ರ ಶೆವರ್ಲೆ ಸಿ10 ಪಿಕಪ್‌ಗೆ 2004ರ ಸಿಲ್ವರಾಡೊದ 5.3 ಲೀಟರ್ ವಿ8 ಇಂಜಿನ್ ಮತ್ತು 4ಎಲ್60ಇ ಗೇರ್‌ಬಾಕ್ಸ್ ಕೂರಿಸಿದ್ದೇನೆ. ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿ ಟ್ಯೂನ್ ಮಾಡಲು ಎಚ್‌ಪಿ ಟ್ಯೂನರ್ಸ್ ತಗೊಳ್ಳಲಾ, ಇಎಫ್‌ಐಲೈವ್ ತಗೊಳ್ಳಲಾ? ಎರಡೂ ಬೇಡ, ಇಂಜಿನ್ ಕಂಪ್ಯೂಟರನ್ನೇ ತೆಗೆದು ಹಾಲಿ (Holley) ಎಂಬ ಕಂಪನಿಯ ಟರ್ಮಿನೇಟರ್ ಎಕ್ಸ್ ಹಾಕು ಅಂತ ಗೆಳೆಯರು ಹೇಳುತ್ತಾರೆ. ಸದ್ಯಕ್ಕೆ ಇಂಜಿನ್ ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ನಿಂತುಹೋಗುತ್ತಿದೆ. (ಸ್ಯಾನ್ ಹೋಸೆ)

ಉತ್ತರ: ಯಾವ ಟೂಲ್ ಅಂತ ಕೇಳುವವರೆಲ್ಲ ಇಂಜಿನ್ ಫೋಟೋ ಕಳಿಸುತ್ತಾರೆ. ವಾಲ್ವ್ ಕವರ್‌ಗೆ ಬಳಿದ ಬಣ್ಣವೂ ಕಾಣುವ ಹಾಗೆ! ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಅದರ ಮೇಲಿನ ಸ್ಟಿಕ್ಕರ್ ಫೋಟೋ ಮಾತ್ರ ಯಾರೂ ಕಳಿಸಲ್ಲ. ಟೂಲ್ ಮಾತಾಡುವುದು ಇಸಿಯು ಜೊತೆ, ಪಿಸ್ಟನ್ ಜೊತೆ ಅಲ್ಲ.

ಜಿಎಂ ಇದನ್ನು ಪಿಸಿಎಂ ಎನ್ನುತ್ತದೆ. ಅದರ ಮೇಲೆ ಎಂಟು ಅಂಕಿಯ ಸರ್ವಿಸ್ ನಂಬರ್ ಇರುತ್ತದೆ. 12200411 ಅಂತಿದ್ದರೆ ಅದು ಪಿ01 ಎಂಬ ಮಾದರಿ, ಮೆಮೊರಿ 512 ಕೆಬಿ. ಆಮೇಲೆ ಬಂದದ್ದು 1 ಎಂಬಿಯ ಪಿ59. ನಿಮ್ಮದು 2004ರ ಸಿಲ್ವರಾಡೊದ್ದೇ ಆಗಿದ್ದರೆ ಕನೆಕ್ಟರ್‌ಗಳು ನೀಲಿ ಮತ್ತು ಹಸಿರು ಇರಬೇಕು. ನೀಲಿ ಮತ್ತು ಕೆಂಪು ಇದ್ದರೆ ಗುಜರಿಯವನು 2002 ಅಥವಾ ಅದಕ್ಕೆ ಹಿಂದಿನದನ್ನು ಕೊಟ್ಟಿದ್ದಾನೆ. ಆಗ ಥ್ರಾಟಲ್ ಕೂಡ ನೋಡಿಕೊಳ್ಳಿ. 2004ರದ್ದು ಎಲೆಕ್ಟ್ರಾನಿಕ್ ಥ್ರಾಟಲ್. ಪೆಡಲ್, ಥ್ರಾಟಲ್ ಬಾಡಿ, ನಡುವೆ ಥ್ರಾಟಲ್ ನಡೆಸುವ ಟ್ಯಾಕ್ ಮಾಡ್ಯೂಲ್ ಮೂರೂ ಒಂದೇ ಜೊತೆಯವಾಗಿರಬೇಕು. ಇವು ಹೊಂದದಿದ್ದರೆ ಯಾವ ಸಾಫ್ಟ್‌ವೇರೂ ಸರಿಮಾಡಲ್ಲ.

ಇನ್ನು ಎರಡು ಸೆಕೆಂಡಿಗೆ ನಿಲ್ಲುವ ಕತೆ. ಅದು ವ್ಯಾಟ್ಸ್, ಅಂದರೆ ಕಳ್ಳತನ ತಡೆಯುವ ವ್ಯವಸ್ಥೆ. ಮೊದಲಿದ್ದ ಸಿಲ್ವರಾಡೊದಲ್ಲಿ ಬರುತ್ತಿದ್ದ ಸಿಗ್ನಲ್ ಈಗ ಬರುತ್ತಿಲ್ಲ, ಹಾಗಾಗಿ ಪಿಸಿಎಂ ಪೆಟ್ರೋಲ್ ನಿಲ್ಲಿಸುತ್ತಿದೆ. ಇದಕ್ಕೆ ಪೆಟ್ರೋಲ್ ಪಂಪ್ ಬದಲಾಯಿಸಿದವರನ್ನು, ವೈರಿಂಗ್ ಹಾರ್ನೆಸ್ ಪೂರ್ತಿ ಬಿಚ್ಚಿದವರನ್ನು ನೋಡಿದ್ದೇನೆ. ಸಾಫ್ಟ್‌ವೇರ್‌ನಲ್ಲಿ ಒಂದು ಆಯ್ಕೆ ಬದಲಾಯಿಸಿದರೆ ಮುಗಿಯಿತು.

ಇಲ್ಲಿ ನಿಮಗೆ ಇಷ್ಟವಾಗದ ಮಾತು ಹೇಳುತ್ತೇನೆ. ಇಂಜಿನ್ ಕಂಪನಿಯಿಂದ ಬಂದ ಹಾಗೇ ಇದ್ದರೆ, ಬೇರೆ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್), ಟರ್ಬೊ ಏನೂ ಹಾಕಿಲ್ಲದಿದ್ದರೆ, ನಿಮಗೆ ಟೂಲೇ ಬೇಡ. ನಿಮಗೆ ಬೇಕಿರುವುದು ಒಂದೇ ಒಂದು ಸಲದ ಫ್ಲ್ಯಾಶ್, ಅಂದರೆ ತಿದ್ದಿದ ಸಾಫ್ಟ್‌ವೇರನ್ನು ಪಿಸಿಎಂಗೆ ಬರೆಯುವುದು. ವ್ಯಾಟ್ಸ್ ತೆಗೆಯಬೇಕು, ಟೈರ್ ಅಳತೆ ಮತ್ತು ಆಕ್ಸಲ್ ರೇಶಿಯೊ ಹಾಕಬೇಕು, ಫ್ಯಾನ್ ಯಾವಾಗ ತಿರುಗಬೇಕು ಅಂತ ಹೇಳಬೇಕು. ಟೈರ್ ಅಳತೆ ತಪ್ಪಿದರೆ ಸ್ಪೀಡೋಮೀಟರ್ ಅಷ್ಟೇ ಅಲ್ಲ, ಗೇರ್ ಬೀಳುವ ಹೊತ್ತೂ ತಪ್ಪುತ್ತದೆ. ಯಾಕಂದರೆ 4ಎಲ್60ಇ ನಡೆಸುವುದೂ ಇದೇ ಪಿಸಿಎಂ. ಇಷ್ಟನ್ನು ಬಲ್ಲ ಟ್ಯೂನರ್‌ಗೆ ಪಿಸಿಎಂ ಕಳಿಸಿದರೆ ಮಾಡಿ ವಾಪಸ್ ಕಳಿಸುತ್ತಾರೆ. ಉಳಿದ ದುಡ್ಡಲ್ಲಿ ಬ್ರೇಕ್ ಮಾಡಿಸಿ. 1972ರ ಬ್ರೇಕಿಗೆ ಈಗ ವಿ8 ಶಕ್ತಿ ಜಾಸ್ತಿ ಆಗಿದೆ, ಅದನ್ನು ಯಾರೂ ಕೇಳಲ್ಲ.

ಮುಂದೆ ಕ್ಯಾಮ್ ಬದಲಾಯಿಸುತ್ತೀರಾ? ಸ್ವಂತ ಕಲಿಯುವ ಆಸೆಯಾ? ಹಾಗಿದ್ದರೆ ಟೂಲ್ ಮಾತಾಡೋಣ. ನಿಮ್ಮ ಪಿಸಿಎಂಗೆ ಎಚ್‌ಪಿ ಟ್ಯೂನರ್ಸ್ ಆಗುತ್ತದೆ, ಇಎಫ್‌ಐಲೈವ್ ಕೂಡ ಆಗುತ್ತದೆ. ಎರಡರಲ್ಲೂ ಲೈಸೆನ್ಸ್ ಲೆಕ್ಕ ಇದೆ, ಗಾಡಿಗೂ ಲ್ಯಾಪ್‌ಟಾಪಿಗೂ ನಡುವಿನ ಇಂಟರ್‌ಫೇಸ್ ಡಬ್ಬಿ ಕೊಂಡ ಮಾತ್ರಕ್ಕೆ ಎಷ್ಟು ಗಾಡಿಯಾದರೂ ಫ್ಲ್ಯಾಶ್ ಮಾಡಬಹುದು ಅಂದುಕೊಳ್ಳಬೇಡಿ. ಇಎಫ್‌ಐಲೈವ್ ನ್ಯೂಜಿಲೆಂಡಿನದು, ಲ್ಯಾಪ್‌ಟಾಪ್ ಇಲ್ಲದೆಯೂ ಅದರ ಫ್ಲ್ಯಾಶ್‌ಸ್ಕ್ಯಾನ್ ಡಬ್ಬಿ ಇಂಜಿನ್ ಓಡುವಾಗಿನ ಅಂಕಿಗಳನ್ನು ಲಾಗ್ ಮಾಡುತ್ತದೆ, ಜಿಎಂನ ಡ್ಯುರಾಮ್ಯಾಕ್ಸ್ ಡೀಸೆಲ್ ಇಂಜಿನ್‌ನವರಿಗೆ ಅದೇ ಪ್ರೀತಿ. ಆದರೆ ಒಂದರ ಫೈಲ್ ಇನ್ನೊಂದರಲ್ಲಿ ತೆರೆಯುವುದಿಲ್ಲ. ಹಾಗಾಗಿ ನೀವು ಸಿಕ್ಕಿಹಾಕಿಕೊಂಡಾಗ ಸಹಾಯ ಮಾಡುವವನು ಯಾವುದನ್ನು ಬಳಸುತ್ತಾನೋ ಅದನ್ನೇ ತಗೊಳ್ಳಿ. ಅಂಥವನು ಯಾರೂ ಇಲ್ಲದಿದ್ದರೆ ನನ್ನ ಓಟು ಎಚ್‌ಪಿ ಟ್ಯೂನರ್ಸ್‌ಗೆ, ಬಳಸುವವರು ಜಾಸ್ತಿ ಅನ್ನುವ ಒಂದೇ ಕಾರಣಕ್ಕೆ. ದುಡ್ಡು ಹಾಕುವ ಮನಸ್ಸಿಲ್ಲ, ತಾಳ್ಮೆ ಇದೆ ಅನ್ನುವವರಿಗೆ ಪಿಸಿಎಂ ಹ್ಯಾಮರ್ ಇದೆ. ಪುಕ್ಕಟೆ, ಓಪನ್ ಸೋರ್ಸ್, ಪಿ01 ಮತ್ತು ಪಿ59 ಎರಡನ್ನೂ ಓದಿ ಬರೆಯುತ್ತದೆ. ಫೈಲಿನೊಳಗಿನ ಅಂಕಿಗಳ ಟೇಬಲ್ ತಿದ್ದಲು ಟ್ಯೂನರ್‌ಪ್ರೊ ಅನ್ನುವ ಸಾಫ್ಟ್‌ವೇರ್ ಬೇಕು. ಗಾಡಿಯ ದೋಷ ಓದುವ ಅಗ್ಗದ ಇಎಲ್‌ಎಂ327 ಡಬ್ಬಿ ಇದಕ್ಕೆ ನಡೆಯಲ್ಲ.

ಟೂಲ್ ಕನೆಕ್ಟ್ ಆಗುತ್ತಿಲ್ಲ ಅಂತ ಕಂಪನಿಗೆ ಬೈಯುವ ಮುಂಚೆ ಟೂಲ್ ಚುಚ್ಚುವ ಒಬಿಡಿ ಪೋರ್ಟಿನ 2ನೇ ಪಿನ್ ನೋಡಿ. ಈ ಪಿಸಿಎಂ ಮಾತಾಡುವ ತಂತಿ ಅದೊಂದೇ. 16ರಲ್ಲಿ ಬ್ಯಾಟರಿ, 4 ಮತ್ತು 5ರಲ್ಲಿ ಅರ್ತ್. ಮನೆಯಲ್ಲೇ ಹಾರ್ನೆಸ್ ಕತ್ತರಿಸಿದವರು 2ನೇ ಪಿನ್ ಮರೆತಿರುತ್ತಾರೆ. ಟೂಲಿನ ದೀಪ ಹತ್ತುತ್ತದೆ, ಮಾತು ಮಾತ್ರ ಇಲ್ಲ.

ಫ್ಲ್ಯಾಶ್ ಮಾಡುವಾಗ ಬ್ಯಾಟರಿಗೆ ಚಾರ್ಜರ್ ಹಾಕಿರಿ, ರೇಡಿಯೊ, ಬ್ಲೋವರ್ ಆಫ್ ಮಾಡಿ. ಮೊದಲು ಒರಿಜಿನಲ್ ಫೈಲ್ ಓದಿ, ಎರಡು ಜಾಗದಲ್ಲಿ ಇಟ್ಟುಕೊಳ್ಳಿ.

ಟೂಲ್‌ಗಿಂತ ಮುಂಚೆ ಕೊಳ್ಳಬೇಕಾದದ್ದು ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್. ಗಾಡಿಯ ಜೊತೆ ಬಂದ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಜಾಸ್ತಿಯಾ ಕಮ್ಮಿಯಾ ಅಂತ ಮಾತ್ರ ಹೇಳುತ್ತದೆ, ಎಷ್ಟು ಅಂತ ಹೇಳಲ್ಲ. ಫುಲ್ ಥ್ರಾಟಲ್‌ನಲ್ಲಿ ಅದನ್ನು ನಂಬಿ ಟ್ಯೂನ್ ಮಾಡುವವನು ಕಣ್ಣು ಕಟ್ಟಿಕೊಂಡು ಓಡಿಸುತ್ತಿದ್ದಾನೆ. ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಇರುವ ಯಾವುದಾದರೂ ಒಳ್ಳೆಯ ಕಿಟ್ ಸಾಕು, ಅದರ ಸಿಗ್ನಲ್ ನಿಮ್ಮ ಟೂಲಿಗೆ ಹೇಗೆ ಹೋಗುತ್ತದೆ ಅಂತ ಮಾತ್ರ ಕೊಳ್ಳುವ ಮುಂಚೆ ಕೇಳಿ. ಇನ್ನೊಂದು, ಪೆಟ್ರೋಲ್ ಒತ್ತಡ ಗೇಜ್ ಹಾಕಿ ಅಳೆಯಿರಿ. ಪಿಸಿಎಂ 58 ಪಿಎಸ್‌ಐ ಇದೆ ಅಂದುಕೊಂಡು ಲೆಕ್ಕ ಹಾಕುತ್ತದೆ. ನಿಮ್ಮ ರೆಗ್ಯುಲೇಟರ್ 45 ಕೊಡುತ್ತಿದ್ದರೆ ನೀವು ರಾತ್ರಿಯೆಲ್ಲ ಕೂತು ತಿದ್ದುವ ವಿಇ ಟೇಬಲ್ (ಇಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಅನ್ನುವ ಲೆಕ್ಕ) ಪೂರ್ತಿ ಸುಳ್ಳು. ಪೆಟ್ರೋಲ್ ಲೆಕ್ಕ ಸರಿಯಾಗುವ ತನಕ ಸ್ಪಾರ್ಕ್ ಟೇಬಲ್ ಮುಟ್ಟಬೇಡಿ. ಇಂಜಿನ್ ಒಳಗೆ ಪೆಟ್ರೋಲ್ ತಪ್ಪಾಗಿ ಸಿಡಿಯುವುದನ್ನು ಪತ್ತೆ ಮಾಡುವ ನಾಕ್ ಸೆನ್ಸರ್ ತೆಗೆಯಲೇಬೇಡಿ. ಮತ್ತೆ ದಯವಿಟ್ಟು, ಗಾಡಿ ಓಡಿಸುತ್ತಾ ಒಬ್ಬರೇ ಲ್ಯಾಪ್‌ಟಾಪ್ ನೋಡಬೇಡಿ. ನಾನಂತೂ ಪಕ್ಕದಲ್ಲಿ ಇನ್ನೊಬ್ಬರಿಲ್ಲದೆ ರಸ್ತೆಗೆ ಹೋಗಲ್ಲ.

ಟರ್ಮಿನೇಟರ್ ಎಕ್ಸ್ ಕೆಟ್ಟದ್ದಲ್ಲ. ಆದರೆ ತಾನಾಗೇ ಕಲಿಯುತ್ತದೆ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಅದು ಕಲಿಯುವುದು ಪೆಟ್ರೋಲ್ ಮಾತ್ರ, ಸ್ಪಾರ್ಕ್ ಕಲಿಯಲ್ಲ. ನಿಮ್ಮ ಗೇರ್‌ಬಾಕ್ಸ್ ನಡೆಸಲು ಮ್ಯಾಕ್ಸ್ ಮಾದರಿಯೇ ಬೇಕು. ಚೆನ್ನಾಗಿರುವ ಪಿಸಿಎಂ ಕೈಯಲ್ಲಿರುವಾಗ ಅಷ್ಟು ಖರ್ಚು ಯಾಕೆ?

ಒಂದು ವಿಷಯಕ್ಕೆ ನೀವು ಅದೃಷ್ಟವಂತರು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೆ ಹಿಂದಿನ ಪೆಟ್ರೋಲ್ ಗಾಡಿಗೆ ಸ್ಮಾಗ್ ಚೆಕ್, ಅಂದರೆ ಹೊಗೆ ಪರೀಕ್ಷೆ, ಇಲ್ಲ. ಇದೇ ಇಂಜಿನ್ 1984ರ ಪಿಕಪ್‌ಗೆ ಹಾಕಿದ್ದರೆ ಇಂಜಿನ್ ಬದಲಾಯಿಸಿದ ಗಾಡಿ ನೋಡುವ ಸ್ಮಾಗ್ ಚೆಕ್ ರೆಫರಿ ಮುಂದೆ ನಿಲ್ಲಬೇಕಿತ್ತು, ಕ್ಯಾಟಲಿಟಿಕ್ ಕನ್ವರ್ಟರ್ ಸಹಿತ ಹೊಗೆ ತಡೆಯುವ 2004ರ ಎಲ್ಲ ಸಾಮಾನೂ ಇರಬೇಕಿತ್ತು. 2021ರ ಜುಲೈನಿಂದ ಸ್ಮಾಗ್ ಚೆಕ್‌ನಲ್ಲಿ ಸಾಫ್ಟ್‌ವೇರ್ ತಿದ್ದಿದ್ದಾರಾ ಅಂತಲೂ ನೋಡುತ್ತಾರೆ. ಅಂಥ ಗಾಡಿ ಇರುವವರು ಮೊದಲು ರೆಫರಿಯನ್ನು ಕೇಳಿ, ಆಮೇಲೆ ಇಂಜಿನ್ ಕೊಳ್ಳಿ.

ಪ್ರಶ್ನೆ: ಒಬಿಡಿ ಪೋರ್ಟಿಗೆ ಚುಚ್ಚುವ ಪುಟ್ಟ ಡಬ್ಬಿ ಹಾಕಿದರೆ ಮೈಲೇಜ್ ಜಾಸ್ತಿ ಆಗುತ್ತಾ? (ದಾವಣಗೆರೆ)

ಉತ್ತರ: ಆಗಲ್ಲ. ಅಂಥವನ್ನು ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಮಿಣುಕುವ ಎಲ್‌ಇಡಿ.

ಪ್ರಶ್ನೆ: ಎಸ್ಟೇಟ್ ಓಡಾಟಕ್ಕೆ ಜಿಪ್ಸಿ ಇದೆ. ಬೇರೆ ಕಂಪನಿಯ ಡೀಸೆಲ್ ಇಂಜಿನ್ ಹಾಕಿಸಿ ಟ್ಯೂನ್ ಮಾಡಿಸಬೇಕು. ಇಸಿಯು ಯಾವುದು ಒಳ್ಳೆಯದು? (ಸಕಲೇಶಪುರ)

ಉತ್ತರ: ಇಸಿಯು ಇರಲಿ, ಆರ್‌ಟಿಒ ಏನಂತಾರೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಹೇಳಿದೆ. ಗ್ಯಾರೇಜಿನವರು ಎಲ್ಲಾ ನೋಡ್ಕೋತೀವಿ ಸಾರ್ ಅಂದರೆ, ಆ ಮಾತನ್ನು ಕಾಗದದ ಮೇಲೆ ಬರೆದುಕೊಡಿ ಅನ್ನಿ.

ಪ್ರಶ್ನೆ: ನನ್ನ ಗೆಳೆಯನದೂ 5.3 ಇಂಜಿನ್. ಅವನ ಟ್ಯೂನ್ ಫೈಲನ್ನೇ ಹಾಕಿಕೊಳ್ಳಬಹುದಾ? (ಡಲ್ಲಾಸ್)

ಉತ್ತರ: ಅವನ ಇಂಜೆಕ್ಟರ್, ಟೈರ್, ಪಿಸಿಎಂನ ಆಪರೇಟಿಂಗ್ ಸಿಸ್ಟಂ ನಂಬರ್ ಎಲ್ಲವೂ ನಿಮ್ಮದರ ಹಾಗೇ ಇದೆಯಾ? ಇಲ್ಲ ಅಲ್ವಾ? ಬೇಡ.