ನಾಲ್ಕೂವರೆಯ ರಂಪ: ಮಾತ್ರೆ ಹೆಚ್ಚಾಗಿದ್ದಕ್ಕೋ, ಇಳಿದಿದ್ದಕ್ಕೋ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಒಂಬತ್ತು ವರ್ಷದ ಹುಡುಗ, ತೂಕ 27 ಕಿಲೋ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆಯೆಂದು ಮನೋವೈದ್ಯರು ಗುರುತಿಸಿ ಆರು ವಾರವಾಗಿತ್ತು. ಬರೆದುಕೊಟ್ಟಿದ್ದು ಮಿಥೈಲ್‌ಫೆನಿಡೇಟ್: ಬೆಳಿಗ್ಗೆ 5 ಮಿ.ಗ್ರಾಂ, ಮಧ್ಯಾಹ್ನ 5 ಮಿ.ಗ್ರಾಂ. ಸಲಹೆಗೆ ಬಂದವರು ಅಪ್ಪ, ಅಮ್ಮ ಇಬ್ಬರೇ.

"ಸಂಜೆ ನಾಲ್ಕೂವರೆ ಆಯ್ತು ಅಂದ್ರೆ ಮನೇಲಿ ರಂಪ ಶುರು. ಮೊದಲು ಇಷ್ಟು ಸಿಟ್ಟು ಇರ್ಲಿಲ್ಲ ಮೇಡಂ, ಮಾತ್ರೆ ನಿಲ್ಲಿಸಿಬಿಡ್ತೀವಿ" ಎಂದರು ಅಮ್ಮ. ಅಪ್ಪನ ಚಿಂತೆ ಬೇರೆ: "ಇದು ನಶೆ ಹಿಡಿಸೋ ಜಾತಿಯ ಔಷಧಿ ಅಂತಾರಲ್ಲ?" ಊಟವಾದ ಮೇಲಿನ ತರಗತಿಗಳಲ್ಲಿ ಹುಡುಗ ಕೂತಲ್ಲಿ ಕೂರುವುದಿಲ್ಲವೆಂದು ಶಾಲೆಯಿಂದಲೂ ದೂರು ಬಂದಿತ್ತು.

ಮಾತ್ರೆ ಬದಲಿಸುವ ಮಾತು ಬದಿಗಿಟ್ಟು ಎರಡು ವಾರದ ಲೆಕ್ಕ ಬರೆಯಲು ಹೇಳಲಾಯಿತು. ಮೂರೇ ಕಾಲಂ: ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಜಗಳ ಅಥವಾ ಅಳು ಶುರುವಾದ ಹೊತ್ತು. "ಇವತ್ತು ಪರವಾಗಿಲ್ಲ", "ಇವತ್ತು ಕಷ್ಟ" ಎಂದು ಬರೆದರೆ ಏನೂ ತಿಳಿಯುವುದಿಲ್ಲ, ಗಡಿಯಾರದ ಹೊತ್ತೇ ಬೇಕು.

ಆ ಪುಟಗಳಲ್ಲೇ ಉತ್ತರವಿತ್ತು. ಸಾದಾ ಮಿಥೈಲ್‌ಫೆನಿಡೇಟ್ ಅರ್ಧ ಗಂಟೆಯ ಆಸುಪಾಸಿನಲ್ಲಿ ಕೆಲಸ ಹಿಡಿದು ಮೂರು-ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ಏಳೂವರೆಯ ಮಾತ್ರೆ ಹನ್ನೊಂದೂವರೆಗೆ ಮುಗಿಯಿತು. ಹನ್ನೆರಡೂವರೆಯದನ್ನು ಹುಡುಗ ಹತ್ತು ಶಾಲಾದಿನಗಳಲ್ಲಿ ನಾಲ್ಕು ದಿನ ನುಂಗಿರಲೇ ಇಲ್ಲ. ಎಲ್ಲರೆದುರು ಟೀಚರ ಹತ್ತಿರ ಹೋಗಿ ಕೇಳಲು ನಾಚಿಕೆ. ಶಾಲೆಯ ದೂರು ಬಂದದ್ದು ಆ ನಾಲ್ಕು ದಿನಗಳದ್ದೇ. ನುಂಗಿದ ದಿನಗಳಲ್ಲಿ ಔಷಧಿ ಇಳಿಯುವುದು ಸರಿಯಾಗಿ ನಾಲ್ಕೂವರೆಗೆ. ಇಳಿಯುವಾಗ ಕೆಲವು ಮಕ್ಕಳಿಗೆ ಸಿಡಿಮಿಡಿ, ಅಳು ಒಂದು ಗಂಟೆಯಷ್ಟು ಕಾಲ ಜೋರಾಗುತ್ತದೆ. ಇದನ್ನು ರಿಬೌಂಡ್ ಎನ್ನುತ್ತಾರೆ. ಸಾಲದ್ದಕ್ಕೆ ಮಾತ್ರೆಯಿಂದ ಹಸಿವು ಸತ್ತು ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ಸಾಗುತ್ತಿತ್ತು. ಖಾಲಿ ಹೊಟ್ಟೆಗೆ ರಿಬೌಂಡ್ ಸೇರಿದರೆ ರಂಪವಾಗದೆ ಇನ್ನೇನು? ಹಾಗಲ್ಲದೆ ಮಾತ್ರೆ ಕೆಲಸ ಮಾಡುವ ಹೊತ್ತಿನುದ್ದಕ್ಕೂ ಮಂಕಾಗಿ ಅಥವಾ ಸಿಡುಕಾಗಿ ಇದ್ದರೆ ಅದು ಡೋಸ್ ಹೆಚ್ಚಾದ ಲಕ್ಷಣ. ಎರಡಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಗಡಿಯಾರ ಮುಖ್ಯ.

ಔಷಧಿ ಬರೆಯುವುದು, ಬದಲಿಸುವುದು ವೈದ್ಯರ ಕೆಲಸ. ಅವರೆದುರು ಏನು ಕೇಳಬೇಕೆಂಬುದನ್ನು ದಂಪತಿಗೆ ಹೀಗೆ ಬಿಡಿಸಿ ಹೇಳಲಾಯಿತು.

ಮೊದಲ ದಾರಿ, ಅದೇ ಔಷಧಿಯ ದೀರ್ಘಾವಧಿ ಮಾತ್ರೆ. ದಿನಕ್ಕೆ ಎರಡು-ಮೂರು ಸಲ 5 ಮಿ.ಗ್ರಾಂ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ 18 ಮಿ.ಗ್ರಾಂನಿಂದ ಶುರು. ಅದರಲ್ಲಿ ಸುಮಾರು 4 ಮಿ.ಗ್ರಾಂ ಹೊರಪದರದಲ್ಲಿದ್ದು ಬೇಗ ಕರಗುತ್ತದೆ. ಉಳಿದದ್ದು ಚಿಪ್ಪಿನ ಒಳಗಿಂದ ನಿಧಾನವಾಗಿ ಹೊರಬಂದು ಹತ್ತು-ಹನ್ನೆರಡು ಗಂಟೆ ನಡೆಸುತ್ತದೆ. ಶಾಲೆಯಲ್ಲಿ ಮಾತ್ರೆ ಕೇಳುವ ಗೋಳಿಲ್ಲ. ಅಗಿಯಬಾರದು, ಮುರಿಯಬಾರದು, ಪುಡಿ ಮಾಡಬಾರದು. ಮಾಡಿದರೆ ದಿನದ ಡೋಸೆಲ್ಲ ಒಟ್ಟಿಗೇ ಮೈಗೆ ಹೋಗುತ್ತದೆ. ಎರಡನೆಯದು ಆಂಫೆಟಮಿನ್ ಗುಂಪಿನ ಲಿಸ್‌ಡೆಕ್ಸಾಂಫೆಟಮಿನ್, ಮೊದಲನೆಯದು ಒಗ್ಗದವರಿಗೆ ಸಾಮಾನ್ಯವಾಗಿ ಇದರ ಸರದಿ.

ಮೇಲಿನ ಎರಡೂ ಸ್ಟಿಮ್ಯುಲೆಂಟ್, ಅಂದರೆ ಮೆದುಳನ್ನು ಚುರುಕುಗೊಳಿಸುವ ಜಾತಿಯ ಔಷಧಿಗಳು. ಅವು ಬೇಡವೆನ್ನುವವರಿಗೆ ಅಟೊಮಾಕ್ಸೆಟಿನ್. ಇದು ತೂಕದ ಲೆಕ್ಕ: ಕಿಲೋಗೆ ಸುಮಾರು 0.5 ಮಿ.ಗ್ರಾಂನಿಂದ ಶುರುಮಾಡಿ 1.2ರ ಹತ್ತಿರಕ್ಕೆ. ಈ ಹುಡುಗನಿಗಾದರೆ 13ರಿಂದ 32 ಮಿ.ಗ್ರಾಂ ಆಸುಪಾಸು. ಪೂರ್ತಿ ಫಲ ಕಾಣಲು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಹತ್ತೇ ದಿನಕ್ಕೆ "ಏನೂ ಆಗ್ಲಿಲ್ಲ" ಎಂದು ಬಿಟ್ಟವರೇ ಬಹಳ. ಕಣ್ಣು-ಚರ್ಮ ಹಳದಿಯಾದರೆ, ಸಾಯುವ ಮಾತು ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಗ್ವಾನ್ಫಸಿನ್, ಕ್ಲೋನಿಡಿನ್ ಕೂಡ ಇವೆ. ಇವು ನಿದ್ದೆ ತರುತ್ತವೆ, ರಕ್ತದೊತ್ತಡ ಇಳಿಸುತ್ತವೆ. ಒಮ್ಮೆಲೇ ನಿಲ್ಲಿಸಿದರೆ ಒತ್ತಡ ಜಿಗಿಯುತ್ತದೆ, ಹಂತಹಂತವಾಗಿಯೇ ಇಳಿಸಬೇಕು.

ಅಪ್ಪನ ಪ್ರಶ್ನೆಗೆ ಸುಳ್ಳು ಸಮಾಧಾನ ಹೇಳಲಿಲ್ಲ. ಸ್ಟಿಮ್ಯುಲೆಂಟ್‌ಗಳ ದುರುಪಯೋಗ ಆಗುವುದುಂಟು, ಆದ್ದರಿಂದಲೇ ಅವುಗಳ ಮೇಲೆ ಕಟ್ಟುನಿಟ್ಟು. ವೈದ್ಯರು ಹೇಳಿದ ಡೋಸ್‌ನಲ್ಲಿ ಬಾಯಿಯಿಂದ ನುಂಗಿದಾಗ ಔಷಧಿ ಮೆದುಳಿಗೆ ಮೆಲ್ಲಗೆ ಏರುತ್ತದೆ, ನಶೆಗೆ ಬೇಕಾದ ಆ ದಿಢೀರ್ ಏರಿಕೆ ಇರುವುದಿಲ್ಲ. ಡಬ್ಬಿಗೆ ಬೀಗ, ಮಾತ್ರೆಗಳ ಎಣಿಕೆ, ಕೊಡುವ ಕೆಲಸ ದೊಡ್ಡವರದ್ದು. ಕುಟುಂಬದಲ್ಲಿ ಚಿಕ್ಕ ವಯಸ್ಸಿಗೇ ಹೃದಯ ನಿಂತು ಸತ್ತವರಿದ್ದರೆ, ಆಡುವಾಗ ಹುಡುಗ ಎಂದಾದರೂ ಪ್ರಜ್ಞೆ ತಪ್ಪಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಬೇಕೆಂದೂ ತಿಳಿಸಲಾಯಿತು. ಈ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ.

ವೈದ್ಯರು ಲೆಕ್ಕದ ಪುಟ ನೋಡಿ 18 ಮಿ.ಗ್ರಾಂಗೆ ಬದಲಿಸಿದರು. ನಾಲ್ಕನೇ ದಿನ ಅಮ್ಮನ ಫೋನ್: "ಮಾತ್ರೆ ಕರಗದೆ ಹಾಗೇ ಕಕ್ಕಸಿನಲ್ಲಿ ಬಂದಿದೆ, ಇನ್ನೊಂದು ಕೊಡ್ಲಾ?" ಕೊಡಬೇಡಿ. ಅದು ಖಾಲಿ ಚಿಪ್ಪು, ಔಷಧಿ ಒಳಗಿಂದ ಹೋಗಿಯಾಗಿದೆ. ಮಾತ್ರೆ ಕೊಡುವ ಮೊದಲೇ ಇದನ್ನು ಹೇಳಿಬಿಟ್ಟರೆ ಎಷ್ಟೋ ಗಾಬರಿ ತಪ್ಪುತ್ತದೆ.

ತಿಂಗಳ ನಂತರ ಶಾಲೆಯ ದೂರು ನಿಂತಿತ್ತು, ನಾಲ್ಕೂವರೆಯ ರಂಪವೂ ಇಲ್ಲ. ತೂಕ 26.3 ಕಿಲೋ. ಮಾತ್ರೆಗೆ ಮುಂಚೆ ಹೊಟ್ಟೆತುಂಬ ತಿಂಡಿ, ಹಸಿವು ಮರಳುವ ರಾತ್ರಿ ಹೊತ್ತಿಗೆ ಎರಡನೇ ಊಟ ಎಂದು ಹೊಂದಿಸಲಾಯಿತು. ರಜಾದಿನ ಒಂಬತ್ತಕ್ಕೆ ಎದ್ದು ಮಾತ್ರೆ ನುಂಗಿದರೆ ರಾತ್ರಿ ಹನ್ನೊಂದಾದರೂ ನಿದ್ದೆಯಿಲ್ಲ, ಹಾಗಾಗಿ ಎಲ್ಲ ದಿನವೂ ಏಳೂವರೆಯೊಳಗೇ. ಭಾನುವಾರ ಮಾತ್ರೆ ಬಿಡಬಹುದೇ ಎಂಬ ಅಪ್ಪನ ಪ್ರಶ್ನೆಯನ್ನು ವೈದ್ಯರ ಮುಂದಿನ ಭೇಟಿಗೆ ಚೀಟಿಯಲ್ಲಿ ಬರೆದುಕೊಡಲಾಗಿದೆ. ಎತ್ತರ, ತೂಕ, ನಾಡಿ, ರಕ್ತದೊತ್ತಡ ನೋಡುವುದೂ ಅಂದೇ.